ಫಿರಂಗಿಗೆ ಕಟ್ಟಿದ ಕೋಣೆಗಳಲ್ಲಿ ಪ್ರದರ್ಶನ

ಆಲ್ಪ್ಸ್ ಪರ್ವತದ ಬ್ರೆನ್ನರ್ ಘಟ್ಟದ ದಾರಿಗೆ ಬೀಗ ಹಾಕಲೆಂದು ಆಸ್ಟ್ರಿಯಾದವರು 1833ರಿಂದ 1838ರವರೆಗೆ ಕಟ್ಟಿದ ಗ್ರಾನೈಟ್ ಕೋಟೆ ಫ್ರಾಂಟ್ಸೆನ್ಸ್‌ಫೆಸ್ಟೆ. ಈಗ ಅದು ಇಟಲಿಯ ದಕ್ಷಿಣ ಟಿರೋಲ್‌ನಲ್ಲಿದೆ. ಕೆಳಗಿನ, ನಡುವಿನ, ಮೇಲಿನ ಕೋಟೆ ಎಂದು ಮೂರು ಭಾಗ; ಮೇಲಕ್ಕೆ ಬಂಡೆಯೊಳಗೇ 451 ಮೆಟ್ಟಿಲು. ಶತ್ರು ಮಾತ್ರ ಬರಲೇ ಇಲ್ಲ. ಬಂದದ್ದು ರೈಲು, ಅದೂ ಕೋಟೆಯನ್ನು ಸೀಳಿಕೊಂಡು. ಆಮೇಲೆ ಕೋಟೆ ಮದ್ದುಗುಂಡಿನ ಉಗ್ರಾಣವಾಯಿತು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ರೋಮ್‌ನಿಂದ ಸಾಗಿಸಿದ ಬ್ಯಾಂಕ್ ಆಫ್ ಇಟಲಿಯ ಚಿನ್ನ ಇಲ್ಲಿತ್ತು. ಸೇನೆ ಪೂರ್ತಿ ಬಿಟ್ಟುಹೋದದ್ದು 2003ರಲ್ಲಿ.

ಪ್ರದರ್ಶನ ನಡೆಸಲು ಇಂಥ ಕಟ್ಟಡ ಕೈಗೆ ಬಂದರೆ ಮೊದಲು ಅಳೆಯಬೇಕಾದದ್ದು ಗೋಡೆಯ ಉಷ್ಣಾಂಶ. ಬೇಸಿಗೆಯಲ್ಲಿ ಹೊರಗಿನ ಗಾಳಿ 26 ಡಿಗ್ರಿ, ತೇವಾಂಶ ಶೇ. 60 ಇದ್ದರೆ ಅದರ ಇಬ್ಬನಿ ಬಿಂದು, ಅಂದರೆ ತಣ್ಣಗಾಗುತ್ತ ಗಾಳಿಯ ತೇವ ಹನಿಗಟ್ಟತೊಡಗುವ ಉಷ್ಣಾಂಶ, ಸುಮಾರು 17.5 ಡಿಗ್ರಿ. ದಪ್ಪ ಕಲ್ಲಿನ ಗೋಡೆ 12 ಡಿಗ್ರಿಯಲ್ಲೇ ತಣ್ಣಗಿದ್ದರೆ ಒಳಬಂದ ಗಾಳಿಯ ತೇವದಲ್ಲಿ ಒಂದು ಪಾಲು ಗೋಡೆಯ ಮೇಲೆ ಹನಿಗಟ್ಟುತ್ತದೆ. ‘ಕಿಟಕಿ ತೆಗೆಯಿರಿ, ಒಣಗುತ್ತದೆ’ ಎನ್ನುವವರು ಎಡವುವುದೇ ಇಲ್ಲಿ. ಹೊರಗಿನ ಇಬ್ಬನಿ ಬಿಂದು ಗೋಡೆಯ ಉಷ್ಣಾಂಶಕ್ಕಿಂತ ಕೆಳಗಿದ್ದಾಗ, ಅಂದರೆ ಹೆಚ್ಚಾಗಿ ಬೆಳಗಿನ ಜಾವ ಅಥವಾ ಚಳಿಗಾಲದಲ್ಲಿ, ಗಾಳಿಯಾಡಿಸಬೇಕು. ಹೀಟರ್ ಹಾಕಿ ಅವಸರದಲ್ಲಿ ಒಣಗಿಸಿದರೆ ಗಾರೆಯೊಳಗಿನ ಲವಣ ಮೇಲೆ ಬಂದು ಹರಳುಗಟ್ಟಿ ಸಂದುಗಳನ್ನು ಉದುರಿಸುತ್ತದೆ. ಸಂದು ತುಂಬಲು ಸಿಮೆಂಟು ಬೇಡ, ನೀರನ್ನು ಒಳಗೇ ಕಟ್ಟಿಹಾಕುತ್ತದೆ. ಸುಣ್ಣದ ಗಾರೆಯೇ ಆಗಬೇಕು.

2008ರ ಮ್ಯಾನಿಫೆಸ್ಟಾ 7 ಕಲಾಮೇಳದವರು ಇಲ್ಲಿ ತೋರಿದ ಜಾಣತನ ನನಗೆ ಬಹಳ ಮೆಚ್ಚುಗೆ. ಕ್ಯಾನ್‌ವಾಸ್ ತಂದು ನೇತುಹಾಕುವ ಬದಲು ಲೇಖಕರಿಂದ ಪಠ್ಯ ಬರೆಸಿ, ಅವನ್ನು ಧ್ವನಿಮುದ್ರಿಸಿ, ಖಾಲಿ ಕೋಣೆಗಳಲ್ಲಿ ಕೇಳಿಸಿದರು. ಬರೆದವರಲ್ಲಿ ನಮ್ಮ ಅರುಂಧತಿ ರಾಯ್ ಕೂಡ ಇದ್ದರು. ಧ್ವನಿಗೆ ಬೂಷ್ಟು ಹಿಡಿಯುವುದಿಲ್ಲ, ಗೋಡೆಗೆ ಮೊಳೆಯೂ ಬೇಡ. ಕಮಾನು ಚಾವಣಿಯ ಕಲ್ಲುಕೋಣೆಯ ತೊಡಕು ಪ್ರತಿಧ್ವನಿ. ಒಂದು ದೊಡ್ಡ ಸ್ಪೀಕರಿಗಿಂತ ಕೇಳುಗರ ಹತ್ತಿರವೇ ಹಲವು ಸಣ್ಣವನ್ನಿಟ್ಟು, ದನಿ ತಗ್ಗಿಸಿದರೆ ಮಾತು ಸ್ಪಷ್ಟವಾಗುತ್ತದೆ.

ಈ ಕೋಟೆಯ ದುರಸ್ತಿಗೆ ಬಂದ ವಾಸ್ತುಶಿಲ್ಪಿಗಳಾದ ಮಾರ್ಕುಸ್ ಶೇರರ್ ಮತ್ತು ವಾಲ್ಟರ್ ಡೀಟ್ಲ್ ಲಿಫ್ಟು, ಮೆಟ್ಟಿಲುಗಳಿಗೆ ಕಾಂಕ್ರೀಟ್ ಗೋಪುರಗಳನ್ನೇ ಹೊಸದಾಗಿ ನಿಲ್ಲಿಸಿದರು. ಹಳೆಯದರಂತೆ ನಟಿಸದ ಹೊಸ ಕೆಲಸವಿದು. ಹೀಗಿದ್ದರೆ ಮುಂದೆ ದುರಸ್ತಿಗೆ ಬರುವವರಿಗೆ 1838ರ ಕಲ್ಲು ಯಾವುದು, ನಂತರದ್ದು ಯಾವುದೆಂದು ಹುಡುಕುವ ಕಷ್ಟವಿರುವುದಿಲ್ಲ.