ಶಾಲೆಯ ಗಡಿಗಿಂತ ಮೊದಲು ಎಳೆದ ಗೆರೆ

ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಹೋವರ್ಡ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಯಾವ ಮಗು ಯಾವ ಶಾಲೆಗೆ ಹೋಗಬೇಕು ಎಂಬ ಜಗಳ ಹಳೆಯದು. ಅದು ಅರ್ಥವಾಗಬೇಕಾದರೆ ಮೊದಲು ಅಲ್ಲಿನ ಒಳಚರಂಡಿ ಪೈಪು ಎಲ್ಲಿಗೆ ನಿಲ್ಲುತ್ತದೆ ಅಂತ ನೋಡಬೇಕು. ಕೌಂಟಿಯ ಪೂರ್ವಕ್ಕೆ ನಲ್ಲಿ ನೀರು, ಒಳಚರಂಡಿ ಎರಡೂ ಇವೆ. ಪಶ್ಚಿಮದ ದೊಡ್ಡ ಭಾಗಕ್ಕೆ ಎರಡೂ ಇಲ್ಲ. ಅಲ್ಲಿ ಮನೆಗೊಂದು ಬಾವಿ, ಮನೆಗೊಂದು ಸೆಪ್ಟಿಕ್ ಟ್ಯಾಂಕ್. ಟ್ಯಾಂಕಿನ ನೀರು ಇಂಗಲು ಜಾಗ ಬೇಕು, ಹಾಗಾಗಿ ದೊಡ್ಡ ದೊಡ್ಡ ಸೈಟುಗಳಲ್ಲಿ ಒಂಟಿ ಮನೆಗಳು ಬರುತ್ತವೆ, ಅಪಾರ್ಟ್‌ಮೆಂಟು ಬರುವುದಿಲ್ಲ. ಕೈಗೆಟುಕುವ ಬಾಡಿಗೆ ಮನೆ ಇಲ್ಲದ ಕಡೆ ಬಡವರ ಮಕ್ಕಳು ಇರುವುದಾದರೂ ಹೇಗೆ?

ಕರಿಯ ಮಕ್ಕಳಿಗೆ ಬೇರೆ ಶಾಲೆ ಇಡುವುದು ಸಂವಿಧಾನಕ್ಕೆ ವಿರುದ್ಧ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು 1954ರಲ್ಲಿ. ಹೋವರ್ಡ್ ಕೌಂಟಿ ಅದನ್ನು ಪೂರ್ತಿ ಪಾಲಿಸಲು 11 ವರ್ಷ ತೆಗೆದುಕೊಂಡಿತು. ಕರಿಯ ಮಕ್ಕಳಿಗೆಂದೇ 1949ರಲ್ಲಿ ತೆರೆದಿದ್ದ ಹ್ಯಾರಿಯೆಟ್ ಟಬ್‌ಮನ್ ಹೈಸ್ಕೂಲು 1965ರಲ್ಲಿ ಮುಚ್ಚಿತು.

ಅದೇ ಹೊತ್ತಿಗೆ ಜೇಮ್ಸ್ ರೌಸ್ ಎಂಬ ಬಿಲ್ಡರ್ ಬೇರೆಯದೇ ಕನಸು ಕಂಡಿದ್ದರು. ಸುದ್ದಿ ಹಬ್ಬಿ ಬೆಲೆ ಏರಬಾರದೆಂದು ಬೇರೆ ಬೇರೆ ಕಂಪನಿಗಳ ಹೆಸರಿನಲ್ಲಿ ಸುಮಾರು 14,000 ಎಕರೆ ಕೊಂಡರು. ಅದು ಕೌಂಟಿಯ ಹತ್ತರಲ್ಲೊಂದು ಪಾಲು. 1967ರ ಜೂನ್‌ನಲ್ಲಿ ಅಲ್ಲಿ ಕೊಲಂಬಿಯಾ ಎಂಬ ಊರು ಶುರುವಾಯಿತು. ಕರಿಯರು, ಬಿಳಿಯರು, ಕಂಪನಿಯ ಮುಖ್ಯಸ್ಥ, ಅಲ್ಲಿ ಕಸ ಗುಡಿಸುವವ ಎಲ್ಲರೂ ಒಂದೇ ಊರಿನಲ್ಲಿ ಇರಬೇಕು ಎಂಬುದು ಅವರ ಆಸೆ. ಮನೆ ಮಾರುವಾಗ, ಬಾಡಿಗೆ ಕೊಡುವಾಗ ಬಣ್ಣ ನೋಡಬಾರದು ಎಂಬ ದೇಶದ ಕಾನೂನು ಬಂದದ್ದು 1968ರಲ್ಲಿ, ಅಂದರೆ ಕೊಲಂಬಿಯಾ ಶುರುವಾದ ಮೇಲೆ. ಇದನ್ನು ನೆನೆದಾಗಲೆಲ್ಲ ನನಗೆ ರೌಸ್ ಮೇಲೆ ಗೌರವ ಜಾಸ್ತಿಯಾಗುತ್ತದೆ.

ಆದರೆ ಕೌಂಟಿಯ ಉಳಿದ ಭಾಗ ಆ ಕನಸಿನಲ್ಲಿ ಪಾಲು ಕೇಳಲಿಲ್ಲ. ಸಬ್ಸಿಡಿ ಮನೆಗಳು ಕೊಲಂಬಿಯಾದ ಹಳೆಯ ಭಾಗಗಳಲ್ಲಿ, ಪೂರ್ವದ ಊರುಗಳಲ್ಲಿ ಸೇರಿಕೊಂಡವು. ಐವತ್ತು ವರ್ಷ ಕಳೆಯುವಷ್ಟರಲ್ಲಿ ಫಲ ಕಣ್ಣಿಗೆ ಕಂಡಿತು. ಅಲ್ಲಿ ಶಾಲೆಯ ಬಡತನ ಅಳೆಯುವುದು ಉಚಿತ ಅಥವಾ ಕಡಿಮೆ ಬೆಲೆಯ ಊಟ ಪಡೆಯುವ ಮಕ್ಕಳ ಲೆಕ್ಕದಲ್ಲಿ. 2019ರ ಹೊತ್ತಿಗೆ ವೈಲ್ಡ್ ಲೇಕ್ ಹೈಸ್ಕೂಲಿನಲ್ಲಿ ಇಂಥ ಮಕ್ಕಳು ಶೇ 40ಕ್ಕಿಂತ ಜಾಸ್ತಿ. ಕೆಲವೇ ಮೈಲಿ ದೂರದ ರಿವರ್ ಹಿಲ್‌ನಲ್ಲಿ ಶೇ 5ಕ್ಕಿಂತ ಕಡಿಮೆ.

ಆ ವರ್ಷದ ಆಗಸ್ಟ್‌ನಲ್ಲಿ ಶಾಲಾ ಇಲಾಖೆಯ ಮುಖ್ಯಸ್ಥ ಮೈಕಲ್ ಮಾರ್ಟಿರಾನೊ ಸುಮಾರು 7,400 ಮಕ್ಕಳನ್ನು ಬೇರೆ ಶಾಲೆಗಳಿಗೆ ಹಂಚುವ ಯೋಜನೆ ಮುಂದಿಟ್ಟರು. ಕೆಲವು ಶಾಲೆಗಳು ತುಂಬಿ ತುಳುಕುತ್ತಿದ್ದವು, ಕೆಲವು ಕಡೆ ಜಾಗ ಖಾಲಿ ಇತ್ತು. ಅದನ್ನು ಸರಿ ಮಾಡುವ ಜೊತೆಗೆ ಬಡತನ ಒಂದೇ ಕಡೆ ಗುಡ್ಡೆ ಬೀಳದಂತೆ ನೋಡುವುದೂ ಗುರಿ. ಮಕ್ಕಳ ಬಣ್ಣ ನೋಡಿ ಹಂಚುವ ದಾರಿಯನ್ನು ಸುಪ್ರೀಂ ಕೋರ್ಟ್ 2007ರಲ್ಲೇ ಬಹುಮಟ್ಟಿಗೆ ಮುಚ್ಚಿತ್ತು. ಆದ್ದರಿಂದ ಆದಾಯದ ಲೆಕ್ಕ. ಒಂದು ಅನುಕೂಲವೂ ಇತ್ತು: ಮೇರಿಲ್ಯಾಂಡಿನಲ್ಲಿ ಇಡೀ ಕೌಂಟಿಗೆ ಒಂದೇ ಶಾಲಾ ಮಂಡಳಿ. ಅನೇಕ ರಾಜ್ಯಗಳಲ್ಲಿ ಊರಿಗೊಂದು ಮಂಡಳಿ ಇರುವುದರಿಂದ ಇಂಥ ಪ್ರಶ್ನೆ ಏಳುವುದೇ ಇಲ್ಲ.

ಬೀದಿಯಲ್ಲಿ ಮೆರವಣಿಗೆ ನಡೆಯಿತು, ಸಭೆಗಳು ರಾತ್ರಿಯವರೆಗೂ ಎಳೆದವು, ಮಂಡಳಿಗೆ ಪತ್ರಗಳ ರಾಶಿ ಬಂತು. ಕೆಲವು ಪತ್ರಗಳಲ್ಲಿ ಬಣ್ಣದ ದ್ವೇಷ ನೇರವಾಗಿಯೇ ಇತ್ತು. ಭಾರತ, ಚೀನಾ ಮೂಲದ ಅಪ್ಪ ಅಮ್ಮಂದಿರೂ ವಿರೋಧದಲ್ಲಿ ಮುಂದಿದ್ದರು. ಅಮೆರಿಕದಲ್ಲಿರುವ ಕನ್ನಡಿಗರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಮನೆ ಕೊಳ್ಳುವಾಗ ಅಡುಗೆಮನೆಗಿಂತ ಮೊದಲು ಶಾಲೆಯ ರೇಟಿಂಗ್ ನೋಡುವ ಪೈಕಿ ನಮ್ಮವರೂ ಇದ್ದಾರೆ. ಅದಕ್ಕೆಂದೇ ಸಾಲ ಮಾಡಿ ಜಾಸ್ತಿ ದುಡ್ಡು ಸುರಿದವರಿಗೆ ಗೆರೆ ಬದಲಾದರೆ ಹೊಟ್ಟೆ ಉರಿಯುತ್ತದೆ. ಮಗುವಿನ ಗೆಳೆಯರು ದೂರವಾಗುತ್ತಾರೆ, ಬಸ್ ಪ್ರಯಾಣ ಉದ್ದವಾಗುತ್ತದೆ ಎಂಬ ಕಳವಳವೂ ನಿಜವೇ. ಆದರೂ ದುಡ್ಡು ಕೊಟ್ಟು ಕೊಂಡದ್ದು ಮನೆಯನ್ನು. ಸರ್ಕಾರಿ ಶಾಲೆ ಇಡೀ ಕೌಂಟಿಯದು.

ನವೆಂಬರ್‌ನಲ್ಲಿ ಮಂಡಳಿ ಸುಮಾರು 5,400 ಮಕ್ಕಳನ್ನು ಬದಲಿಸುವ ಯೋಜನೆಗೆ ಒಪ್ಪಿತು. ಬಡತನದ ಅಂತರ ಸ್ವಲ್ಪ ತಗ್ಗಿತು, ಅಷ್ಟೇ.

ಪಕ್ಕದ ಮಾಂಟ್ಗೊಮೆರಿ ಕೌಂಟಿ ಇದನ್ನು ಇನ್ನೊಂದು ತುದಿಯಿಂದ ಹಿಡಿದಿತ್ತು. ದೊಡ್ಡ ಬಡಾವಣೆ ಕಟ್ಟುವವರು ಒಂದಷ್ಟು ಮನೆಗಳನ್ನು ಸಾಧಾರಣ ಆದಾಯದವರಿಗೆ ಬಿಡಲೇಬೇಕು ಎಂದು 1974ರಲ್ಲೇ ಕಾನೂನು ಮಾಡಿತು. ಅದರಲ್ಲಿ ಮೂರನೇ ಒಂದು ಪಾಲಿನವರೆಗೆ ಸರ್ಕಾರಿ ವಸತಿ ಸಂಸ್ಥೆಯೇ ಕೊಂಡು ಬಡವರಿಗೆ ಬಾಡಿಗೆಗೆ ಕೊಡಬಹುದು. ಹೀಗೆ ಮನೆ ಸಿಕ್ಕ ಮಕ್ಕಳನ್ನು ಹೆದರ್ ಶ್ವಾರ್ಟ್ಜ್ ಎಂಬ ಸಂಶೋಧಕಿ ಅಧ್ಯಯನ ಮಾಡಿದರು. ಬಡತನ ಜಾಸ್ತಿ ಇದ್ದ ಶಾಲೆಗಳಿಗೆ ಕೌಂಟಿ ಹೆಚ್ಚು ಹಣ ಕೊಡುತ್ತಿತ್ತು. ಹಾಗಿದ್ದೂ ಅನುಕೂಲಸ್ಥರ ಮಕ್ಕಳೇ ಹೆಚ್ಚಿರುವ ಶಾಲೆಗೆ ಹೋದ ಬಡ ಮಕ್ಕಳು ಆ ಹೆಚ್ಚು ಹಣದ ಶಾಲೆಗಳಿಗೆ ಹೋದ ಬಡ ಮಕ್ಕಳಿಗಿಂತ ಚೆನ್ನಾಗಿ ಕಲಿತಿದ್ದರು. 2010ರಲ್ಲಿ ಬಂದ ಈ ಫಲಿತಾಂಶ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಆ ಮಕ್ಕಳು ಹೋದದ್ದು ತಮ್ಮ ಮನೆಯ ಹತ್ತಿರದ ಶಾಲೆಗೇ. ಬದಲಾದದ್ದು ಮನೆಯ ಜಾಗ.

ಹೋವರ್ಡ್‌ನಲ್ಲೂ ಇಂಥ ನಿಯಮ ಇದೆ. ಆದರೆ ಒಂಟಿ ಮನೆಗಳ ಬಡಾವಣೆ ಕಟ್ಟುವವರು ಮನೆಯ ಬದಲು ಹಣ ಕಟ್ಟಿ ಮುಗಿಸಬಹುದು. ಜೊತೆಗೆ, ಶಾಲೆ ತುಂಬಿದ್ದರೆ ಆ ಭಾಗದಲ್ಲಿ ಹೊಸ ಮನೆ ಯೋಜನೆಗಳು ಕೆಲವು ವರ್ಷ ಕಾಯಬೇಕು. ಕೇಳಲು ಸರಿಯಾಗಿಯೇ ಇದೆ. ಆದರೆ ಅಪಾರ್ಟ್‌ಮೆಂಟು ಕಟ್ಟಲು ಸಾಧ್ಯವಿರುವ ಪೂರ್ವದಲ್ಲಿ ಶಾಲೆ ತುಂಬಿದರೆ ತಡೆ ಬೀಳುವುದು ಅಲ್ಲಿಗೇ. ಪಶ್ಚಿಮದಲ್ಲಿ ಒಳಚರಂಡಿ ಇಲ್ಲದೆ ಅಪಾರ್ಟ್‌ಮೆಂಟಿಗೆ ಮೊದಲೇ ದಾರಿಯಿಲ್ಲ.

2023ರಲ್ಲಿ ಪೂರ್ವದ ಜೆಸಪ್‌ನಲ್ಲಿ ಗಿಲ್ಫರ್ಡ್ ಪಾರ್ಕ್ ಎಂಬ ಹೊಸ ಹೈಸ್ಕೂಲು ತೆರೆಯಿತು. ಅದನ್ನು ತುಂಬಿಸಲು ಹಿಂದಿನ ವರ್ಷವೇ ಮತ್ತೆ ಶಾಲೆಗಳ ಗಡಿ ಬದಲಿಸಿದರು. ಪಶ್ಚಿಮದ ಮನೆಗಳಲ್ಲಿ ಈಗಲೂ ಬಾವಿ, ಸೆಪ್ಟಿಕ್ ಟ್ಯಾಂಕ್.