ಫೈಬರ್ ನೆಟ್ ಹಾಕಿಸಿದ್ರ ಟಿವಿ ಪುಕ್ಕಟ ಬರ್ತೈತೇನ್ರಿ?

"ಸರ, ನಮ್ಮನ್ಯಾಗ ಫೈಬರ್ ಹಾಕಸಾಕತ್ತೇವಿ, ಅದರ ಜೋಡಿ ಟಿವಿ ಫ್ರೀ ಅಂತ ಹೇಳ್ಯಾರ, ಮಾಳಗಿ ಮ್ಯಾಲಿನ ಡಿಶ್ ಛತ್ರಿ ತಗಿಸಿ ಬಿಡ್ಲೇನು?"

ಈ ವಾರ ಇದು ನಾಕನೇ ಸಲ. ಜಮಖಂಡಿಯಿಂದ ಒಬ್ರು, ಇಳಕಲ್‌ದಿಂದ ಒಬ್ರು, ಇಲ್ಲೇ ಬಾಗಲಕೋಟಿ ನವನಗರದಾಗ ಇಬ್ರು. ಎಲ್ಲಾರಿಗೂ ಬ್ಯಾರೆ ಬ್ಯಾರೆ ವಾಯ್ಸ್ ಮೆಸೇಜ್ ಕಳಿಸಿ ಕಳಿಸಿ ಗಂಟಲ ಹೋತು, ಅದಕ್ಕ ಒಮ್ಮೆ ಬರದು ಇಡ್ತೇನಿ, ಇನ್ನ ಮ್ಯಾಲೆ ಯಾರರ ಕೇಳಿದ್ರ ಇದನ್ನ ಕಳಸೂದು ಅಷ್ಟ.

ಛತ್ರಿ ಮಾತು ಆಮ್ಯಾಲೆ. ಮೊದಲ ಆ "ಫ್ರೀ" ಅನ್ನೂ ಶಬ್ದ ಬಿಡ್ರಿ. ನಮ್ಮ ಮಂದಿಗೆ ಪುಕ್ಕಟ ಸಿಕ್ಕರ ನನಗೊಂದು ಇರ್ಲಿ ನಮ್ಮಪ್ಪಗೊಂದು ಇರ್ಲಿ ಅನ್ನೂ ಚಟ, ಅದು ಕಂಪನಿಯವರಿಗೂ ಗೊತ್ತೈತಿ. ಖಾನಾವಳಿಗೆ ಹೋದ್ರ ರೊಟ್ಟಿ ಊಟದ ಜೋಡಿ ಶೇಂಗಾ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ ಎಲ್ಲಾ ತಾಟಿನ್ಯಾಗ ಬರ್ತಾವು, ಹಿಂಡಿಗೆ ಬ್ಯಾರೆ ಬಿಲ್ ಹಾಕಂಗಿಲ್ಲ, ಹಂಗಂತ ಖಾನಾವಳಿಯವ ಶೇಂಗಾ ದಾನಾ ಮಾಡಾಕ ಕುಂತಾನೇನು? ತಾಟಿನ ರೇಟಿನ್ಯಾಗ ಅದು ಕುಂತೈತಿ. ನೆಟ್ ಪ್ಲಾನಿನ್ಯಾಗ ಟಿವಿ ಕುಂತದ್ದೂ ಹಂಗ.

ಲೆಕ್ಕಾನ ತೋರಸ್ತೇನಿ. 2022ರ ಏಪ್ರಿಲ್‌ನಾಗ ಜಿಯೋಫೈಬರ್ ಪೋಸ್ಟ್‌ಪೇಯ್ಡ್‌ಗೆ ಎಂಟರ್‌ಟೈನ್‌ಮೆಂಟ್ ಪ್ಲಾನ್ ಬಂದ್ವು. ಆಗ 30 ಎಂಬಿಪಿಎಸ್ ಸ್ಪೀಡಿನ ಬರೇ ನೆಟ್ 399 ರೂಪಾಯಿ, ಅದರ ಮ್ಯಾಲೆ 100 ಕೊಟ್ರ 6 ಓಟಿಟಿ ಆ್ಯಪ್ (ನೆಟ್ಟಿನ ಮ್ಯಾಲೆ ಸಿನಿಮಾ, ಸೀರಿಯಲ್ ತೋರಸೂ ಆ್ಯಪ್), 200 ಕೊಟ್ರ 14 ಆ್ಯಪ್. ಅಂದ್ರ 599. ಸ್ಪೀಡ್ ಅದ, ವೈರ್ ಅದ, ಮೋಡೆಮ್ಮೂ ಅದ. ಹೆಚ್ಚಿನ 200 ಯಾತಕ್ಕ ಅಂತ ಕಂಪನೀನ ಜಾಹೀರಾತಿನ್ಯಾಗ ಬರದು ಹೇಳೇತಿ, ನಾವ ಓದಂಗಿಲ್ಲ. ಏರ್‌ಟೆಲ್ 2025ರ ಮಾರ್ಚ್‌ನಾಗ ಐಪಿಟಿವಿಯನ್ನ (ಅಂದ್ರ ನೆಟ್ಟಿನ ಹಾದ್ಯಾಗ ಬರೂ ಟಿವಿ ಚಾನೆಲ್) 2000 ಊರಿಗೆ ತಂದಾಗ ಶುರುವಿನ ಪ್ಲಾನ್ 699, 40 ಎಂಬಿಪಿಎಸ್. ಅದ 40 ಎಂಬಿಪಿಎಸ್‌ನ ಬರೇ ನೆಟ್ 499. ಇಲ್ಲೂ ನಡುವ ಅದ 200. ಇದರ ಮ್ಯಾಲೆ 18 ಪರ್ಸೆಂಟ್ ಜಿಎಸ್‌ಟಿ, ಅಂದ್ರ ನಿಮ್ಮ "ಫ್ರೀ" ಟಿವಿ ತಿಂಗಳಿಗೆ 236 ರೂಪಾಯಿ ಆತು, ವರ್ಷಕ್ಕ 2832. ರೇಟ್ ಆಮ್ಯಾಲೆ ಮ್ಯಾಲೆ ಕೆಳಗ ಆಗ್ತಾವು, ಲೆಕ್ಕದ ರೀತಿ ಮಾತ್ರ ಇದ. ಪ್ಲಾನ್ ತಗೊಳ್ಳೂ ಮುಂದ "ಅಣ್ಣಾ, ಇದ ಸ್ಪೀಡಿಂದು ಟಿವಿ ಇಲ್ಲದ ಪ್ಲಾನ್ ಎಷ್ಟು?" ಅಂತ ಒಂದ ಮಾತು ಕೇಳ್ರಿ. ಅವ ಮಾರಿ ಸಣ್ಣ ಮಾಡಿದ್ರ ತಿಳ್ಕೋರಿ.

"ನೀ ಮೊದಲ ಕೇಬಲ್‌ನವ, ಅದಕ್ಕ ಹೊಟ್ಟಿಕಿಚ್ಚಿಗೆ ಹಿಂಗ ಮಾತಾಡ್ತಿ" ಅಂತ ಅನ್ನೋರು ಅದಾರ. ಹೌದ್ರಿ, ಕಂಬಾ ಹತ್ತಿ ಕೇಬಲ್ ಎಳದವನ ನಾನು, ಈಗ ಫೈಬರ್ ಜೋಡಸ್ತೇನಿ. ನೆಟ್ಟು ಟಿವಿ ಕೂಡಿಸಿ ಕೊಡೂ ಕಾಂಬೋ ಕೆಟ್ಟದ್ದು ಅಂತ ನಾ ಎಲ್ಲಿ ಹೇಳೇನಿ? ನೆಟ್ಟಿಗೆ ಒಂದ ಕಡೆ, ಡಿಶ್ಶಿಗೆ ಒಂದ ಕಡೆ, ಆ್ಯಪಿಗೆ ಇನ್ನೊಂದ ಕಡೆ ರೊಕ್ಕಾ ಕಟ್ಟೂ ಮನಿಗೆ ಕಾಂಬೋದಾಗ ಉಳಿತಾಯ ಆಗೂದು ಖರೇನ. ಉಳಿತಾಯ ಬ್ಯಾರೆ, ಪುಕ್ಕಟ ಬ್ಯಾರೆ, ಇಷ್ಟ ನನ್ನ ತಕರಾರು.

ಇನ್ನ "ಟಿವಿ" ಅಂದ್ರ ಯಾವ ಟಿವಿ? ಒಂದ ಹೆಸರಿನ ಕೆಳಗ ಬ್ಯಾರೆ ಬ್ಯಾರೆ ಮಾಲು ಮಾರ್ತಾರ. ಲೈವ್ ಚಾನೆಲ್ ಅಂದ್ರ ಕಲರ್ಸ್ ಕನ್ನಡ, ಜೀ ಕನ್ನಡ, ಚಂದನ, ನ್ಯೂಸ್, ಇವು. ಓಟಿಟಿ ಅಂದ್ರ ಆ್ಯಪ್‌ಗಳು. ಒಂದ ಬಂತಂದ್ರ ಇನ್ನೊಂದು ಬಂತು ಅಂತಲ್ಲ. ಮನ್ನೆ ವಿದ್ಯಾಗಿರ್ಯಾಗ ಒಬ್ರ ಮನಿಗೆ ಹೋಗಿದ್ದೆ, ಮಗ ಬೆಂಗಳೂರಿನಿಂದ ಆನ್‌ಲೈನಿನ್ಯಾಗ ಪ್ಲಾನ್ ಹಾಕ್ಯಾನ, ಹನ್ನೆರಡ ಆ್ಯಪ್ ಅದಾವು, ಅವರವ್ವ ರಿಮೋಟ್ ಹಿಡ್ಕೊಂಡು "ತಮ್ಮಾ, ಏಳೂವರಿ ಧಾರಾವಾಹಿ ಎಲ್ಲೈತೋ?" ಅಂತ ಕೇಳ್ತಾರ. ಚಾನೆಲ್ ಇಲ್ಲದ ಪ್ಲಾನ್ ಅದು. ಚಾನೆಲ್ ನಂಬರ್ ಒತ್ತಿದ್ರ ಏನೂ ಬರಂಗಿಲ್ಲ, ಅವರು ಮತ್ತ ಮತ್ತ ಒತ್ತಾಕತ್ತಿದ್ರು. ಪಾಪ ಡಿಶ್ ಆಗಲೇ ತಗಿಸಿ ಗುಜರಿಗೆ ಹಾಕ್ಯಾರ.

ಆ್ಯಪಿನ್ಯಾಗೂ ಮೇಲು ಕೀಳು ಐತಿ. "ನೆಟ್‌ಫ್ಲಿಕ್ಸ್ ಐತಿ" ಅಂದ ಕೂಡಲೇ ಕುಣೀಬ್ಯಾಡ್ರಿ, ಯಾವ ನೆಟ್‌ಫ್ಲಿಕ್ಸ್ ಕೇಳ್ರಿ. ಅವರ 149ರ ಮೊಬೈಲ್ ಪ್ಲಾನ್ ಫೋನ್, ಟ್ಯಾಬ್‌ಗಷ್ಟ, ಟಿವ್ಯಾಗ ಹಚ್ಚಾಕ ಬರಂಗಿಲ್ಲ. 199ರ ಬೇಸಿಕ್ ಟಿವ್ಯಾಗ ಬರ್ತೈತಿ, ಖರೆ ಚಿತ್ರದ ಸ್ಪಷ್ಟತೆ 720ಪಿ ಅಷ್ಟ, ಅದೂ ಒಂದ ಟೈಮಿಗೆ ಒಬ್ರ. ಮತ್ತ ಈ ಆ್ಯಪ್ ಎಲ್ಲಾ ಬಿಲ್ಲಿನ ಫೋನ್ ನಂಬರಿಗೆ ಗಂಟು ಬಿದ್ದಿರ್ತಾವು. ನಾನ ಶಾಣ್ಯಾ ಆಗಿ ನಮ್ಮ ತಮ್ಮನ ನಂಬರ್ ಕೊಟ್ಟಿದ್ದೆ, ಅವ ಸಿಮ್ ಬದಲಿಸಿದ, ಓಟಿಪಿ ಯಾರ ಫೋನಿಗೆ ಹೋಗಾಕತ್ತಿತ್ತೋ ದೇವರಿಗೆ ಗೊತ್ತು.

ಈಗ ಛತ್ರಿ. ತಗಿಬೇಕೋ ಬ್ಯಾಡೋ ಅನ್ನೂದು ನಿಮ್ಮ ಮನಿಗೆ ಟಿವಿ ಯಾವ ದಾರೀಲೆ ಬರ್ತೈತಿ ಅನ್ನೂದರ ಮ್ಯಾಲೆ. ನಮ್ಮಂಥ ಲೋಕಲ್ ಆಪರೇಟರ್ ಹಾಕೂ ಫೈಬರ್ ಮೋಡೆಮ್ಮಿನ ಹಿಂದ ಎಷ್ಟೋ ಕಡೆ ಕೇಬಲ್ ಟಿವಿ ಪಿನ್ ಬ್ಯಾರೆನ ಇರ್ತೈತಿ. ಕೂದಲೆಳಿಯಷ್ಟು ಗಾಜಿನ ಒಂದ ದಾರದಾಗ ಬ್ಯಾರೆ ಬ್ಯಾರೆ ತರಂಗದ ಮೂರ ಬೆಳಕು ಹರಿತಾವು, ಇಂಟರ್ನೆಟ್ ಬರಾಕ 1490 ನ್ಯಾನೋಮೀಟರ್, ಹೋಗಾಕ 1310, ಟಿವಿಗೆ 1550. ಒಂದರ ಉಸಾಬರಿ ಒಂದಕ್ಕಿಲ್ಲ. (ಕಣ್ಣಿಗೆ ಕಾಣಂಗಿಲ್ಲ ಅಂತ ತುದಿ ಬಗ್ಗಿ ನೋಡಬ್ಯಾಡ್ರಿ, ಕಣ್ಣು ಹೋಗ್ತೈತಿ.) ಹಿಂಗಿದ್ರ ನೆಟ್ ರೀಚಾರ್ಜ್ ಮುಗದ್ರೂ ಕೇಬಲ್ ನಡೀತೈತಿ, ಕೇಬಲ್ ರೊಕ್ಕಾ ಕಟ್ಟಿದ್ರ. ಐಪಿಟಿವಿ ಆದ್ರ ಚಾನೆಲ್ಲೂ ನೆಟ್ಟಿನ ಹಾದ್ಯಾಗ ಬರ್ತಾವು, ಲೈನಿನ್ಯಾಗ ಜೆಸಿಬಿ ಬಾಯಿ ಹಾಕ್ತು ಅಂದ್ರ ನೆಟ್ಟೂ ಹೋತು, ಟಿವೀನೂ ಹೋತು, ಮನ್ಯಾಗಿನ ಶಾಂತೀನೂ ಹೋತು. ಅದಕ್ಕ ನಾ ಹೇಳೂದು, ಹೊಸಾ ಕನೆಕ್ಷನ್ ಬಂದು ಒಂದ ತಿಂಗಳ ಛತ್ರಿ ಮ್ಯಾಲೇ ಇರ್ಲಿ, ಅದೇನ ಅನ್ನ ಕೇಳಂಗಿಲ್ಲ. ಮನೀ ಮಂದಿ ನೋಡೂ ಚಾನೆಲ್ ಎಲ್ಲಾ ಸಿಗ್ತಾವೋ ಇಲ್ಲೋ ಆ ತಿಂಗಳದಾಗ ಗೊತ್ತಾಗ್ತೈತಿ, ಆಮ್ಯಾಲೆ ಡಿಶ್ಶಿನ ರೀಚಾರ್ಜ್ ಬಿಡ್ರಿ.

ಡೇಟಾ ಮುಗೀತೈತಿ ಅನ್ನೂ ಚಿಂತಿ ಬ್ಯಾಡ. ದೊಡ್ಡ ಕಂಪನಿ "ಅನ್‌ಲಿಮಿಟೆಡ್" ಅಂದ್ರ ತಿಂಗಳಿಗೆ 3300 ಜಿಬಿ, ಎಚ್‌ಡಿ ಹಚ್ಚಿದ್ರ ತಾಸಿಗೆ ಹೆಚ್ಚಂದ್ರ 3 ಜಿಬಿ, ಅಂದ್ರ 1100 ತಾಸು. 30 ದಿನದ ತಿಂಗಳದಾಗ ಇರೂದ 720 ತಾಸು. ಚಿತ್ರ ನಿಂತು ನಿಂತು ಬಂದ್ರ ಹತ್ತಕ್ಕ ಎಂಟ ಸಲ ತಪ್ಪು ನಮ್ಮ ಕಲ್ಲಿನ ಗ್ವಾಡಿದು, ವೈಫೈ ಅದನ್ನ ದಾಟೂದ್ರಾಗ ಸುಸ್ತ ಆಗಿರ್ತೈತಿ. ಮೋಡೆಮ್ಮಿನಿಂದ ಟಿವಿಗೆ ಒಂದ ಲ್ಯಾನ್ ವೈರ್ ಎಳಸ್ರಿ.

ಇಷ್ಟ ಬರದು ಮುಗಸಬೇಕಂದ್ರ ಇನ್ನೊಂದು ನೆನಪಾತು, ಯಾರೂ ಕೇಳಿಲ್ಲ, ಆದ್ರೂ ಹೇಳ್ತೇನಿ. ಛತ್ರಿ ತಗಿಸಿ ಆ್ಯಪಿನ್ಯಾಗ ಕ್ರಿಕೆಟ್ ನೋಡಾಕ ಶುರು ಮಾಡಿದವರಿಗೆ ಒಂದ ಹೊಸಾ ತ್ರಾಸ. ಸ್ಯಾಟಲೈಟ್ ಭೂಮಿಯಿಂದ ಸುಮಾರು 36 ಸಾವಿರ ಕಿಲೋಮೀಟರ್ ಮ್ಯಾಲೈತಿ, ಅಲ್ಲಿಗೆ ಹೋಗಿ ಬರಾಕ ಸಿಗ್ನಲ್‌ಗೆ ಕಾಲ ಸೆಕೆಂಡ್ ಸಾಕು. ನೆಟ್ಟಿನ ವಿಡಿಯೋ ಹಂಗ ಬರಂಗಿಲ್ಲ, ಅದನ್ನ ಕೆಲವು ಸೆಕೆಂಡಿನ ತುಂಡು ತುಂಡು ಮಾಡಿ, ಸರ್ವರಿನ್ಯಾಗ ಇಟ್ಟು, ನಿಮ್ಮ ಆ್ಯಪ್ ಒಂದೆರಡು ಮೂರು ತುಂಡು ಮೊದಲ ಕೂಡಿ ಹಾಕ್ಕೊಂಡು, ನಡುವ ನಿಂದರಬಾರದು ಅಂತ, ಆಮ್ಯಾಲೆ ತೋರಸೂದು. ಹಿಂಗಾಗಿ ಇಪ್ಪತ್ತು ಮೂವತ್ತು ಸೆಕೆಂಡ್ ಹಿಂದ ಬೀಳೂದು ಮಾಮೂಲಿ. ಆಕಾಶದಾಗಿಂದ ಬರೂದು ಮೊದಲ ಮುಟ್ಟತೈತಿ, ಓಣ್ಯಾಗಿನ ವೈರಿನ್ಯಾಗ ಬರೂದು ತಡಾ ಆಗ್ತೈತಿ, ನೋಡ್ರಿ ಹೆಂಗೈತಿ.

ನಮ್ಮ ಬಾಜೂ ಮನಿ ಕಾಕಾ ಇನ್ನೂ ಡಿಶ್ ಬಿಟ್ಟಿಲ್ಲ. ಹೋದ ಸೀಸನ್ನಿನ್ಯಾಗ ಕಡೀ ಓವರಿಗೆ ಅವ "ಸಿಕ್ಸಾ!" ಅಂತ ಚೀರಿದಾಗೊಮ್ಮೆ ನಮ್ಮನ್ಯಾಗ ಎಲ್ಲಾರ ಮಾರಿ ಇಳೀತಿತ್ತು. ಕಡೀಕ ನಮ್ಮ ಹುಡುಗ ಕಿಡಕ್ಯಾಗ ನಿಂತು, "ಕಾಕಾ, ಸ್ವಲ್ಪ ಮೆಲ್ಲಕ ಚೀರ್ರಿ, ನಮ್ಮಲ್ಲಿ ಬೌಲರ್ ಇನ್ನೂ ಓಡಾಕತ್ತಾನ!" ಅಂದ.