ವೋಲ್ಟೇಜ್ ಡ್ರಾಪ್: ಹಳೆಯ ಅಂಬಾಸಿಡರ್‌ನ ಇಗ್ನಿಷನ್ ವೈರಿಂಗ್‌ನಲ್ಲಿ ಅದರ ಅರ್ಥ

ಕರೆಂಟ್ ಹರಿಯುವ ದಾರಿಯಲ್ಲಿ ಎಲ್ಲೆಲ್ಲಿ ಪ್ರತಿರೋಧವಿದೆಯೋ ಅಲ್ಲೆಲ್ಲ ವೋಲ್ಟೇಜಿನ ಒಂದು ಪಾಲು ಕರಗಿ ಶಾಖವಾಗುತ್ತದೆ. ವೈರು, ಸ್ವಿಚ್ಚು, ಜೋಡಣೆಗಳಲ್ಲಿ ಹೀಗೆ ಕಳೆದುಹೋಗುವ ಪಾಲಿಗೆ ವೋಲ್ಟೇಜ್ ಡ್ರಾಪ್ ಎಂದು ಹೆಸರು. ಹರಿಯುವ ಕರೆಂಟನ್ನು ಆ ಜಾಗದ ಪ್ರತಿರೋಧದಿಂದ ಗುಣಿಸಿದರೆ ಅದರ ಪ್ರಮಾಣ ಸಿಗುತ್ತದೆ. ಕರೆಂಟ್ ಹರಿಯದಿದ್ದರೆ ಡ್ರಾಪ್ ಕೂಡ ಇರುವುದಿಲ್ಲ. ಹಳೆಯ ಕಾರುಗಳ ಸ್ಟಾರ್ಟಿಂಗ್ ಟ್ರಬಲ್ ಹುಡುಕುವವರು ಬಹುಮಟ್ಟಿಗೆ ಎಡವುವುದು ಈ ಕೊನೆಯ ಮಾತನ್ನು ಮರೆತಾಗಲೇ.

ಮಾರಿಸ್ ಆಕ್ಸ್‌ಫರ್ಡ್ ಮಾದರಿಯಿಂದ ರೂಪುಗೊಂಡು 2014ರವರೆಗೆ ತಯಾರಾದ ಅಂಬಾಸಿಡರ್‌ನ ಹಳೆಯ ಪೆಟ್ರೋಲ್ ಗಾಡಿಗಳನ್ನೇ ತೆಗೆದುಕೊಳ್ಳೋಣ. ಇವುಗಳಲ್ಲಿ ಬ್ಯಾಟರಿಯ ಕರೆಂಟ್ ಇಗ್ನಿಷನ್ ಸ್ವಿಚ್ ದಾಟಿ, ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವ ಕಾಯಿಲ್‌ಗೆ ಬಂದು, ಅಲ್ಲಿಂದ ಡಿಸ್ಟ್ರಿಬ್ಯೂಟರ್ (ಕಿಡಿಯನ್ನು ಸಿಲಿಂಡರ್‌ಗಳಿಗೆ ಸರದಿಯಂತೆ ಹಂಚುವ ಭಾಗ) ಒಳಗಿನ ಪಾಯಿಂಟ್ (ಎಂಜಿನ್ ತಿರುಗಿದಂತೆ ತೆರೆದು ಮುಚ್ಚುವ ಪುಟ್ಟ ಸ್ವಿಚ್ಚು) ಮೂಲಕ ಅರ್ಥ್, ಅಂದರೆ ಗಾಡಿಯ ಲೋಹದ ಮೈ ಸೇರುತ್ತದೆ. ಪಾಯಿಂಟ್ ತೆರೆದ ಕ್ಷಣ ಕಿಡಿ ಹುಟ್ಟುತ್ತದೆ. ಬ್ಯಾಲಸ್ಟ್ (ಕರೆಂಟ್ ಮಿತಿಗೊಳಿಸಲು ಕಾಯಿಲ್‌ಗೆ ಮುಂಚೆ ಸೇರಿಸುವ ರೆಸಿಸ್ಟರ್) ಇಲ್ಲದ 12 ವೋಲ್ಟ್ ಕಾಯಿಲ್‌ನ ಪ್ರೈಮರಿ, ಅಂದರೆ ಬ್ಯಾಟರಿಯ ಕರೆಂಟ್ ಹರಿಯುವ ಸುತ್ತಿನ ಪ್ರತಿರೋಧ ಸುಮಾರು 3 ಓಮ್ ಇರುವುದರಿಂದ, ಪಾಯಿಂಟ್ ಮುಚ್ಚಿ ನಿಂತಾಗ ಹರಿಯುವ ಕರೆಂಟ್ ಸುಮಾರು 4 ಆಂಪಿಯರ್. ದಾರಿಯಲ್ಲೊಂದು ಲಗ್ (ವೈರಿನ ತುದಿಯ ಲೋಹದ ಕೊಂಡಿ) ಕಿಲುಬು ಹಿಡಿದು ಅರ್ಧ ಓಮ್ ಪ್ರತಿರೋಧ ಸೇರಿಕೊಂಡಿತೆನ್ನಿ. ಕರೆಂಟ್ 3.4 ಆಂಪಿಯರ್‌ಗೆ ಇಳಿಯುತ್ತದೆ, ಆ ಒಂದೇ ಲಗ್‌ನಲ್ಲಿ 1.7 ವೋಲ್ಟ್ ಹೋಗುತ್ತದೆ. ಕಾಯಿಲ್‌ನಲ್ಲಿ ಸಂಗ್ರಹವಾಗುವ ಶಕ್ತಿ ಕರೆಂಟಿನ ವರ್ಗಕ್ಕೆ ಅನುಗುಣವಾಗಿರುವುದರಿಂದ ಕಿಡಿಯ ಬಲ ಹೆಚ್ಚುಕಡಿಮೆ ಕಾಲು ಭಾಗ ಕುಗ್ಗುತ್ತದೆ. ಇದರ ಮೇಲೆ ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ವೋಲ್ಟೇಜೇ 10ರ ಆಸುಪಾಸಿಗೆ ಇಳಿದರೆ, ಎಂಜಿನ್ ಗರಗರ ತಿರುಗಿದರೂ ಹತ್ತಿಕೊಳ್ಳುವುದಿಲ್ಲ. ಕೀ ಬಿಟ್ಟ ಗಳಿಗೆಯಲ್ಲಿ ಮಾತ್ರ ಒಮ್ಮೆ ಹತ್ತಿದಂತಾಗುತ್ತದೆ. ಈ ಕೊನೆಯ ಲಕ್ಷಣ ಕಂಡರೆ ಕಾರ್ಬ್ಯುರೇಟರ್ ಬಿಚ್ಚುವ ಮೊದಲು ವೈರಿಂಗ್ ನೋಡುವುದು ಮೇಲು.

ಪಾಯಿಂಟ್ ತೆರೆದಿರುವಾಗ ಕಾಯಿಲ್‌ನ ಪ್ಲಸ್ ಟರ್ಮಿನಲ್‌ಗೆ ಮಲ್ಟಿಮೀಟರ್ ಹಿಡಿದರೆ, ಕಿಲುಬು ಹಿಡಿದ ದಾರಿಯೂ ನಿಷ್ಕಳಂಕವಾಗಿ 12 ವೋಲ್ಟ್ ತೋರಿಸುತ್ತದೆ. ಮೀಟರ್ ತಾನು ಎಳೆಯುವ ಕರೆಂಟ್ ನಗಣ್ಯವಾದ್ದರಿಂದ ಡ್ರಾಪ್ ಹುಟ್ಟುವುದೇ ಇಲ್ಲ. ಆದ್ದರಿಂದ ಎಂಜಿನ್ನನ್ನು ಕೈಯಲ್ಲಿ ತಿರುಗಿಸಿ ಪಾಯಿಂಟ್ ಮುಚ್ಚುವಂತೆ ಮಾಡಿ, ಇಗ್ನಿಷನ್ ಆನ್ ಮಾಡಿ, ಮೀಟರ್‌ನ ಒಂದು ಕಡ್ಡಿಯನ್ನು ಬ್ಯಾಟರಿಯ ಪ್ಲಸ್‌ಗೂ ಇನ್ನೊಂದನ್ನು ಕಾಯಿಲ್‌ನ ಪ್ಲಸ್‌ಗೂ ಇಡಬೇಕು. ಆಗ ಮೀಟರ್ ತೋರಿಸುವುದೇ ಆ ದಾರಿಯ ಒಟ್ಟು ಡ್ರಾಪ್. ಅದು ಅರ್ಧ ವೋಲ್ಟ್ ದಾಟಿದರೆ ಒಂದು ಕಡ್ಡಿಯನ್ನು ಬ್ಯಾಟರಿಯಲ್ಲೇ ಬಿಟ್ಟು, ಇನ್ನೊಂದನ್ನು ಜೋಡಣೆಯಿಂದ ಜೋಡಣೆಗೆ ಹಿಂದಕ್ಕೆ ತರುತ್ತಾ ಬರಬೇಕು. ಅಂಕಿ ಥಟ್ಟನೆ ಇಳಿದಾಗ, ಆಗಷ್ಟೇ ದಾಟಿ ಬಂದ ಜೋಡಣೆಯೇ ಅಪರಾಧಿ. ಬ್ರಿಟನ್ನಿನ ಲೂಕಸ್ ಕಂಪನಿಯ ವೈರು ಬಣ್ಣಗಳ ಪದ್ಧತಿಯಲ್ಲಿ ಕಂದು ವೈರು ಬ್ಯಾಟರಿಯದು, ಬಿಳಿ ಇಗ್ನಿಷನ್‌ದು, ಕಪ್ಪು ಗೆರೆಯ ಬಿಳಿ ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್‌ಗೆ ಹೋಗುವುದು. ಆದರೆ ಹಲವು ಕೈ ದಾಟಿದ ಗಾಡಿಯಲ್ಲಿ ಬಣ್ಣವನ್ನು ನಂಬಿ ಕೂರುವಂತಿಲ್ಲ. ಬ್ಯಾಲಸ್ಟ್ ರೆಸಿಸ್ಟರ್ ಇರುವ ಕಾರಿನಲ್ಲಿ ಅದರ ಎರಡು ತುದಿಗಳ ನಡುವಿನ ಡ್ರಾಪ್ ಉದ್ದೇಶಪೂರ್ವಕವಾದದ್ದು, ಅದು ದೋಷವಲ್ಲ. ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿ ಇಗ್ನಿಷನ್ ಹೆಚ್ಚು ಹೊತ್ತು ಆನ್ ಇದ್ದರೆ ಕಾಯಿಲ್ ಕಾದು ಸುಡುವುದರಿಂದ ಅಳತೆ ಚುರುಕಾಗಿ ಮುಗಿಯಬೇಕು.

ಅರ್ಥ್ ಕಡೆಯನ್ನು ಜನ ಸಾಮಾನ್ಯವಾಗಿ ಮರೆಯುತ್ತಾರೆ. ಪಾಯಿಂಟ್ ಮುಚ್ಚಿರುವಾಗ ಕಾಯಿಲ್‌ನ ಮೈನಸ್‌ಗೂ ಬ್ಯಾಟರಿಯ ಮೈನಸ್‌ಗೂ ನಡುವೆ ಸೊನ್ನೆಗೆ ಸಮೀಪದ ಅಂಕಿ ಬರಬೇಕು. ಹೆಚ್ಚು ಬಂದರೆ ಪಾಯಿಂಟ್ ಮುಖ ಸುಟ್ಟಿರಬಹುದು, ಎಂಜಿನ್‌ನ ಅರ್ಥ್ ಪಟ್ಟಿ ಸಡಿಲವಾಗಿರಬಹುದು, ಇಲ್ಲವೇ ಡಿಸ್ಟ್ರಿಬ್ಯೂಟರ್ ಒಳಗೆ ಪಾಯಿಂಟ್ ಕೂರುವ ಫಲಕವನ್ನು ಹೊರಮೈಗೆ ಜೋಡಿಸುವ ಪುಟ್ಟ ಮೆತುವಾದ ವೈರು ಕೈಕೊಟ್ಟಿರಬಹುದು. ಎಂಜಿನ್ನಿನ ಹೀರುವಿಕೆಯಿಂದ ಕಿಡಿಯ ವೇಳೆಯನ್ನು ಹೊಂದಿಸುವ ವ್ಯಾಕ್ಯೂಮ್ ಅಡ್ವಾನ್ಸ್ ಎಂಬ ಭಾಗ ಆ ಫಲಕವನ್ನು ಅಲುಗಾಡಿಸಿದಷ್ಟೂ ಆ ವೈರು ಬಾಗುತ್ತಲೇ ಇರುತ್ತದೆ. ಮೇಲಿನ ಕವಚ ಹಾಗೇ ಇದ್ದು ಒಳಗಿನ ತಾಮ್ರದ ಎಳೆಗಳಷ್ಟೇ ಒಂದೊಂದಾಗಿ ಕಡಿದಿರುತ್ತವೆ, ಹಾಗಾಗಿ ಕಣ್ಣಿಗೆ ಏನೂ ತೋರುವುದಿಲ್ಲ.

ಸಂಶಯ ಖಚಿತಪಡಿಸಿಕೊಳ್ಳಲು ಬ್ಯಾಲಸ್ಟ್ ಇಲ್ಲದ ಕಾರಿನಲ್ಲಿ ಬ್ಯಾಟರಿಯ ಪ್ಲಸ್‌ನಿಂದ ಕಾಯಿಲ್‌ನ ಪ್ಲಸ್‌ಗೆ ನೇರವಾಗಿ ಒಂದು ತಾತ್ಕಾಲಿಕ ವೈರು ಕೊಟ್ಟು ನೋಡುವುದುಂಟು. ಆಗ ಎಂಜಿನ್ ಸಲೀಸಾಗಿ ಹತ್ತಿದರೆ ದೋಷ ಸ್ವಿಚ್ಚಿನ ದಾರಿಯಲ್ಲೇ ಇದೆ. ಆದರೆ ಆ ವೈರು ಇರುವವರೆಗೆ ಕೀ ತಿರುಗಿಸಿದರೂ ಎಂಜಿನ್ ನಿಲ್ಲುವುದಿಲ್ಲ. ಅದನ್ನು ಕಿತ್ತೇ ನಿಲ್ಲಿಸಬೇಕು, ಆಮೇಲೆ ಅಲ್ಲೇ ಬಿಟ್ಟು ಗಾಡಿ ಓಡಿಸಕೂಡದು.